ಮುಂಬೈ–ಮಂಗಳೂರು 710 ಕಿಲೋಮೀಟರ್, ಟಿಕೆಟಿನಲ್ಲಿ ಒಂದೂವರೆ ಗಂಟೆ ಯಾಕೆ?

ನಮಸ್ಕಾರ. ಡೊಂಬಿವಲಿಯ ವೀಕ್ಷಕರೊಬ್ಬರ ಪ್ರಶ್ನೆ ಇದು. "ಮುಂಬೈಯಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 710 ಕಿಲೋಮೀಟರ್. ವಿಮಾನ ಗಂಟೆಗೆ 800ರ ಮೇಲೆ ಹೋಗ್ತದೆ. ಮತ್ತೆ ಒಂದೂವರೆ ಗಂಟೆ ಎಂತಕ್ಕೆ ಮಾರಾಯ್ರೆ?"

ಬೇಸಿಕ್ಸ್ ಬೇಗ ಮುಗಿಸೋಣ. 800 ಅನ್ನುವುದು ಪೂರ್ತಿ ಮೇಲೇರಿದ ನಂತರದ ವೇಗ. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಅಂದರೆ ಗಂಟೆಗೆ 460 ಕಿಲೋಮೀಟರ್ ಆಸುಪಾಸು. ಇನ್ನು ಟಿಕೆಟಿನಲ್ಲಿರುವುದು ಬರೀ ಹಾರುವ ಟೈಮ್ ಅಲ್ಲ, ಬ್ಲಾಕ್ ಟೈಮ್. ಇಲ್ಲಿ ವಿಮಾನ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವ ತನಕ. ನೀವು ಬೆಲ್ಟ್ ಬಿಗಿದುಕೊಂಡು ಸುಮ್ನೆ ಕ್ಯೂನಲ್ಲಿ ಕೂತದ್ದೂ ಅದರಲ್ಲೇ ಬಂತು.

ಆ ಕ್ಯೂ ಯಾಕೆ? ಇಲ್ಲಿದೆ ಮಜಾ.

[ಮ್ಯಾಪ್: ಸಾಂತಾಕ್ರೂಜ್, ಝೂಮ್]

ಮುಂಬೈ ಏರ್‌ಪೋರ್ಟ್ ಇದು, ಇಲ್ಲಿ ರನ್‌ವೇ ಎರಡಿವೆ. ಒಂದು 09/27, ಇನ್ನೊಂದು 14/32. ಈ ನಂಬರು ದಿಕ್ಕಿನದು. 27 ಅಂದರೆ 270 ಡಿಗ್ರಿ, ಪಶ್ಚಿಮ, ಸಮುದ್ರದ ಕಡೆ ಮುಖ. ಈಗ ಸರಿಯಾಗಿ ನೋಡಿ, ಎರಡೂ ಒಂದನ್ನೊಂದು ಅಡ್ಡ ಹಾಯುತ್ತವೆ! ಒಂದರಲ್ಲಿ ವಿಮಾನ ಓಡುತ್ತಿದ್ದರೆ ಇನ್ನೊಂದು ಖಾಲಿ ಇರಬೇಕು. ಹೆಸರಿಗೆ ಎರಡು, ಕೆಲಸಕ್ಕೆ ಒಂದೇ. ಇಷ್ಟರಲ್ಲೇ 2018ರಲ್ಲಿ ಒಂದೇ ದಿನ ಸಾವಿರಕ್ಕೂ ಜಾಸ್ತಿ ವಿಮಾನಗಳು ಏರಿ ಇಳಿದಿವೆ. ದಿನಕ್ಕೆ ಇರುವುದು 1,440 ನಿಮಿಷ. ಲೆಕ್ಕ ಹಾಕಿ, ಸರಾಸರಿ ಒಂದೂವರೆ ನಿಮಿಷಕ್ಕೂ ಕಡಿಮೆ ಅಂತರ. ಕುರ್ಲಾದಲ್ಲಿ ಒಂದು ಪ್ಲಾಟ್‌ಫಾರ್ಮಿಗೆ ಲೋಕಲ್ ಟ್ರೈನೂ ಅಷ್ಟು ಬೇಗ ಬರುವುದಿಲ್ಲ.

ಮೊದಲು ಇಳಿದ ವಿಮಾನ ಪಕ್ಕಕ್ಕೆ ಸರಿಯುವುದು ತಡವಾಯಿತೋ, ಅದರ ಹಿಂದೆ ಬರುತ್ತಿರುವುದು ಇಳಿಯದೆ ಮತ್ತೆ ಮೇಲಕ್ಕೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಮುಂಬೈಗೆ ವಾಪಸ್ ಬರುವಾಗ ಮೇಲೆ ಸುತ್ತು ಹೊಡೆಸುತ್ತಾರಲ್ವಾ, ಅದಕ್ಕೂ ಅಳತೆ ಇದೆ. ಒಂದು ನಿಮಿಷ ನೇರ, ಒಂದು ನಿಮಿಷ ತಿರುವು, ಮತ್ತೆ ನೇರ, ಮತ್ತೆ ತಿರುವು. ಸುತ್ತಿಗೆ 4 ನಿಮಿಷ. ಮೂರು ಸುತ್ತು ಹಾಕಿದರೆ 12 ನಿಮಿಷ ಹೋಯಿತು, ನೀವು ಮಾತ್ರ ಇದ್ದಲ್ಲೇ.

ಕಂಪನಿಗಳು ಇದನ್ನೆಲ್ಲ ಮೊದಲೇ ಸೇರಿಸಿ ಟೈಮ್ ಹಾಕುತ್ತವೆ. ಸಾಲದ್ದಕ್ಕೆ 15 ನಿಮಿಷ ತಡವಾದರೂ ಲೆಕ್ಕದಲ್ಲಿ 'ಆನ್ ಟೈಮ್'. ಹಾಗಾಗಿ ಹೊರಡುವಾಗ ಲೇಟು, ಇಳಿಯುವಾಗ "ಹತ್ತು ನಿಮಿಷ ಮುಂಚೆ ಬಂದಿದ್ದೇವೆ" ಅಂತ ಅನೌನ್ಸ್‌ಮೆಂಟು. ಮೋಸ ಅಂತ ನಾನು ಹೇಳುವುದಿಲ್ಲ, ಚಪ್ಪಾಳೆಯಂತೂ ತಟ್ಟುವುದಿಲ್ಲ.

ವಿಡಿಯೋ ಉದ್ದ ಆಯಿತು, ಉಳಿದದ್ದು ಫಟಾಫಟ್. ಗೋವಾದ ದಾಬೋಲಿಂ ಏರ್‌ಪೋರ್ಟ್ ಮುಂಬೈಯಿಂದ 420 ಕಿಲೋಮೀಟರ್, ಅಲ್ಲಿನ ಇನ್ನೊಂದು ಏರ್‌ಪೋರ್ಟ್ ಮೋಪಾ ಇನ್ನೂ ಹತ್ತಿರ. ಆದರೂ ಟಿಕೆಟಿನಲ್ಲಿ ಗಂಟೆಯ ಮೇಲೇ ಇರುತ್ತದೆ, ಯಾಕೆಂದರೆ ದೂರ ಕಡಿಮೆಯಾದರೂ ಕ್ಯೂ ಕಡಿಮೆಯಾಗುವುದಿಲ್ಲ. ದಾಬೋಲಿಂ ನೌಕಾಪಡೆಯದ್ದು, ಪುಣೆಯ ಲೋಹಗಾಂವ್ ವಾಯುಪಡೆಯದ್ದು. ಅಲ್ಲಿ ಅವರ ಕೆಲಸ ಮೊದಲು. 2025ರ ಡಿಸೆಂಬರಿನಲ್ಲಿ ಶುರುವಾದ ನವಿ ಮುಂಬೈ ಏರ್‌ಪೋರ್ಟಿನ ಪ್ಲಾನಿನಲ್ಲಿ ಎರಡು ರನ್‌ವೇ ಇವೆ, ಅಡ್ಡ ಅಲ್ಲ, ಅಕ್ಕಪಕ್ಕ. ಸದ್ಯಕ್ಕೆ ಓಡುತ್ತಿರುವುದು ಒಂದು. ಎರಡನೆಯದು ಬಂದಾಗ ಟಿಕೆಟಿನ ಟೈಮ್ ಇಳಿಯುತ್ತದಾ? ನಿಮಗೇನನ್ನಿಸುತ್ತದೆ, ಕಾಮೆಂಟಿನಲ್ಲಿ ಹೇಳಿ.