ಕೋಲಾರದ ಮಿಡಿಸೌತೆ, 400 ಮೀಟರ್ ಹಡಗು

ಎಲ್ಲರಿಗೂ ನಮಸ್ಕಾರ. ಸಮುದ್ರವೇ ಇಲ್ಲದ ಕೋಲಾರದಲ್ಲಿ ಹಡಗಿನ ಉಪನ್ಯಾಸ ಯಾಕೆ ಅಂತ ಬಾಗಿಲಲ್ಲೇ ಒಬ್ಬರು ಕೇಳಿದರು. ನಮ್ಮ ಕಡೆ ಬೆಳೆಯುವ ಮಿಡಿಸೌತೆ ನಮ್ಮ ಸಾರಿನ ಪಾತ್ರೆಗೆ ಬೀಳುವುದಿಲ್ಲ, ಡ್ರಮ್ಮಿನ ಉಪ್ಪುನೀರಲ್ಲಿ ಕೂತು ಹೊರದೇಶಕ್ಕೆ ಹೋಗುತ್ತದೆ. ಗುಲಾಬಿ ಈರುಳ್ಳಿ ಹೆಚ್ಚಾಗಿ ಮಲೇಷ್ಯಾ, ಸಿಂಗಪುರದ ಪಾಲು. ಹಡಗಿನ ಬಾಡಿಗೆ ಏರಿದರೆ ಪೆಟ್ಟು ಬೀಳುವುದು ನಮ್ಮ ಹೊಲಕ್ಕೇ ಅಲ್ವಾ?

ಮುಳಬಾಗಿಲು ಹೆದ್ದಾರಿಯಲ್ಲಿ ಟೀ ಅಂಗಡಿ ಮುಂದೆ ಕಂಟೇನರ್ ಲಾರಿ ನಿಂತಿದ್ದರೆ ಹತ್ತಿರ ಹೋಗಿ ನೋಡಿ. ಎಂಟೂ ಮೂಲೆಗೆ ದಪ್ಪ ಉಕ್ಕಿನ ತುಂಡು, ಅದರಲ್ಲಿ ಉದ್ದನೆಯ ತೂತು. ಅದಕ್ಕೆ ಲಾಕ್ ಕೂರಿಸಿ ತಿರುಗಿಸಿದರೆ ಪೆಟ್ಟಿಗೆ ಲಾರಿ ಮೇಲೂ ಭದ್ರ, ಹಡಗಿನಲ್ಲಿ ಇನ್ನೊಂದು ಪೆಟ್ಟಿಗೆಯ ತಲೆ ಮೇಲೂ ಭದ್ರ. ಕ್ರೇನ್ ಹಿಡಿಯುವುದೂ ಅದೇ ತೂತನ್ನು. ಇಷ್ಟು ದೊಡ್ಡ ವ್ಯಾಪಾರ ನಿಂತಿರುವುದು ಆ ತೂತಿನ ಅಳತೆ ಎಲ್ಲ ದೇಶದಲ್ಲೂ ಒಂದೇ ಆಗಿರುವುದರಿಂದ.

1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ತನ್ನ ಹಡಗಿನಲ್ಲಿ ಕಳಿಸಿದ್ದು 58 ಪೆಟ್ಟಿಗೆ. 2013ರಲ್ಲಿ ಕೊರಿಯಾದಲ್ಲಿ ಕಟ್ಟಿದ ಮರ್ಸ್ಕ್ ಕಂಪನಿಯ ಟ್ರಿಪಲ್ ಇ ಹಡಗು ಬಂತು. 400 ಮೀಟರ್ ಉದ್ದ, 59 ಮೀಟರ್ ಅಗಲ, ಇಪ್ಪತ್ತು ಅಡಿಯ 18,000ಕ್ಕೂ ಜಾಸ್ತಿ ಪೆಟ್ಟಿಗೆ. ಈಗ ಎಂಎಸ್‌ಸಿ ಇರಿನಾ ಅನ್ನೋ ಹಡಗು 24,346 ಪೆಟ್ಟಿಗೆಗೆ ಹೋಗಿದೆ. ಒಂದೊಂದು ಪೆಟ್ಟಿಗೆಯ ಖರ್ಚು ಇಳಿಯಿತು, ನಿಜ. ಆದರೆ ಹಡಗು ದೊಡ್ಡದಾದಷ್ಟೂ ಅದು ನಿಲ್ಲುವ ಬಂದರು ಕಡಿಮೆ. ನಾನು ಬಂದಿರುವುದೇ ಈ ಮಾತು ಹೇಳಲು.

ಎವರ್ ಗಿವನ್ ಹಡಗು ನೆನಪಿದೆಯಲ್ಲ? 2021ರ ಮಾರ್ಚ್ 23. ಜೋರು ಗಾಳಿ, ದೂಳು. ಈಜಿಪ್ಟಿನ ಸೂಯೆಜ್ ಕಾಲುವೆಯ ಅಗಲಕ್ಕಿಂತ ಉದ್ದದ ಹಡಗು ಓರೆಯಾಗಿ ದಡಕ್ಕೆ ನುಗ್ಗಿತು. ಮೂತಿಯ ಹತ್ತಿರ ಮಣ್ಣು ಬಗೆಯುತ್ತಿದ್ದ ಒಂದು ಪುಟ್ಟ ಜೆಸಿಬಿಯಂಥ ಯಂತ್ರದ ಫೋಟೊ ನೀವೆಲ್ಲ ನೋಡಿ ನಕ್ಕಿದ್ದೀರಿ, ನಾನೂ ನಕ್ಕಿದ್ದೇನೆ. ಆ ಡ್ರೈವರ್ ಮಾತ್ರ ಸುಮ್ನೆ ಅಗೆಯುತ್ತಲೇ ಇದ್ದ. ಮಣ್ಣು ತೆಗೆದರು, ಟಗ್ ದೋಣಿಗಳು ಎಳೆದವು, ಹುಣ್ಣಿಮೆಯ ಉಬ್ಬರವೂ ಸೇರಿ 29ಕ್ಕೆ ಹಡಗು ಅಲುಗಿತು. ಅಷ್ಟರಲ್ಲಿ ನಾನ್ನೂರಕ್ಕೂ ಹೆಚ್ಚು ಹಡಗು ಸಾಲುಗಟ್ಟಿದ್ದವು. ಆಮೇಲಿನ ಕಥೆ ಯಾರೂ ಹೇಳುವುದಿಲ್ಲ. ಪರಿಹಾರದ ಜಗಳದಲ್ಲಿ ಈಜಿಪ್ಟ್ ಆ ಹಡಗನ್ನು ಜುಲೈವರೆಗೂ ಬಿಡಲಿಲ್ಲ. ಅದರಲ್ಲಿದ್ದ 25 ಸಿಬ್ಬಂದಿಯೂ ಭಾರತದವರು. ಮಾಲೀಕರು ಜಪಾನಿನವರು, ನಡೆಸುವವರು ತೈವಾನಿನವರು, ಬಾವುಟ ಪನಾಮಾದ್ದು, ಕಾಯುತ್ತ ಕೂತವರು ನಮ್ಮ ಹುಡುಗರು. ನನಗೆ ಈಗಲೂ ಸಂಕಟವಾಗುತ್ತದೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ: ದೊಡ್ಡ ಹಡಗು, ಕಡಿಮೆ ಬಂದರು. ಟ್ರಿಪಲ್ ಇ ಹಡಗು 2016ರಲ್ಲಿ ಅಗಲ ಮಾಡಿದ ಪನಾಮಾ ಕಾಲುವೆಯಲ್ಲೂ ತೂರುವುದಿಲ್ಲ, ಅಲ್ಲಿನ ಗೇಟಿನ ಅಗಲ 55 ಮೀಟರ್. ನಮ್ಮ ದಕ್ಷಿಣದ ಎಷ್ಟೋ ಸರಕು ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋಗಿ ದೊಡ್ಡದಕ್ಕೆ ಬದಲಾಗುತ್ತದೆ. ಅಲ್ಲಿ ಕಾಯುವ ದಿನಗಳ ಖರ್ಚು ಸುತ್ತಿಕೊಂಡು ರೈತನ ಲೆಕ್ಕಕ್ಕೇ ಬರುತ್ತದೆ. ಅದಕ್ಕೇ ಕೇರಳದ ವಿಳಿಂಜಂ ನಮಗೂ ಮುಖ್ಯ. ಸಹಜವಾಗಿಯೇ ಆಳವಿರುವ ಬಂದರು. 2025ರ ಜೂನ್‌ನಲ್ಲಿ ಇರಿನಾ ಅಲ್ಲಿಗೆ ಬಂದು ನಿಂತಿತು.

ಸಮಯವಾಯಿತು ಅಂತ ಚೀಟಿ ಬಂದಿದೆ. ಇಂಜಿನ್ ಬಗ್ಗೆ ಎರಡೇ ಮಾತು: ಟ್ರಿಪಲ್ ಇ ಬೇಕಂತಲೇ ನಿಧಾನ, ಎರಡು ಇಂಜಿನ್, ಎರಡು ಪ್ರೊಪೆಲ್ಲರ್, ಉಳಿತಾಯ ಎಣ್ಣೆಯಲ್ಲಿ. ಕೆಂಪು ಸಮುದ್ರದ ದಾಳಿಗಳಿಂದ ಹಡಗುಗಳು ಆಫ್ರಿಕಾ ಸುತ್ತಿದ ವಿಷಯ ಇವತ್ತು ಬಿಡುತ್ತೇನೆ.

ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ವೈಟ್‌ಫೀಲ್ಡಿನಲ್ಲಿ ಕಂಟೇನರ್ ಡಿಪೋ ಇದೆ, ಇಲ್ಲಿಂದ ದೂರವೇನಲ್ಲ. ಅನುಮತಿ ಪಡೆದು ಈ ವರ್ಷವೇ ಮಕ್ಕಳನ್ನು ಕರೆದುಕೊಂಡು ಹೋಗಿ. ಹಿಂದಿನ ಸಾಲಿನಲ್ಲಿ ಈರುಳ್ಳಿ ಬೆಲೆ ಬಗ್ಗೆ ಕೈ ಎತ್ತಿದ್ದೀರಲ್ಲ, ಕೇಳಿ ಅಣ್ಣ.