ಆ ಟೇಪನ್ನು ಮುಂದೆ ಯಾರಿಗೆ ತೋರಿಸುವುದು?

ನಮಸ್ಕಾರ. ಹಿಡೆಯೊ ನಕಾಟ ಅವರ 1998ರ ಜಪಾನಿ ಚಿತ್ರ ‘ರಿಂಗು’ ನೋಡಿದ ಬೆನ್ನಿಗೇ, ಗೋರ್ ವರ್ಬಿನ್ಸ್ಕಿ 2002ರಲ್ಲಿ ಅಮೆರಿಕದಲ್ಲಿ ಅದನ್ನು ಮರುನಿರ್ಮಿಸಿದ ‘ದಿ ರಿಂಗ್’ ನೋಡಿದರೆ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಬೆಚ್ಚಿಬೀಳಿಸುವ ದೃಶ್ಯಗಳೆಲ್ಲ ಸಾಗರ ದಾಟಿ ಬಂದಿವೆ. ಅವುಗಳ ಬೇರಿನಲ್ಲಿದ್ದ ಅನ್ಯಾಯ ಮಾತ್ರ ಜಪಾನಿನಲ್ಲೇ ಉಳಿದುಬಿಟ್ಟಿದೆ. ಎರಡೂ ಚಿತ್ರಗಳ ಅಂತ್ಯವನ್ನು ನಾನಿಲ್ಲಿ ಹೇಳಲೇಬೇಕಾಗಿದೆ, ನೋಡದವರು ಕ್ಷಮಿಸಬೇಕು.

ಚೌಕಟ್ಟು ಎರಡರಲ್ಲೂ ಒಂದೇ: ಒಂದು ವಿಡಿಯೊ ಟೇಪ್ ನೋಡಿದವರು ಏಳು ದಿನಕ್ಕೆ ಸಾಯುತ್ತಾರೆ, ಪತ್ರಕರ್ತೆಯೊಬ್ಬಳು ಅದರ ಮೂಲವನ್ನು ಹುಡುಕಿಕೊಂಡು ಹೊರಡುತ್ತಾಳೆ.

ಜಪಾನಿ ಚಿತ್ರದಲ್ಲಿ ಆ ಮೂಲ ಓಶಿಮಾ ದ್ವೀಪದಲ್ಲಿದೆ. ಅಲ್ಲಿನ ಶಿಜುಕೊ ಎಂಬಾಕೆ ಮಿಹಾರ ಜ್ವಾಲಾಮುಖಿ ಸ್ಫೋಟಿಸುವುದನ್ನು ಮೊದಲೇ ನುಡಿದವಳು. ವಿದ್ವಾಂಸನೊಬ್ಬ ಆಕೆಯ ಶಕ್ತಿಯನ್ನು ಸಭೆಯಲ್ಲಿ ಪ್ರದರ್ಶಿಸಿದಾಗ ಪತ್ರಕರ್ತರು ಎದ್ದು ನಿಂತು ಮೋಸಗಾತಿ ಎಂದು ಕೂಗುತ್ತಾರೆ. ಮುಂದೆ ಆಕೆ ಅದೇ ಜ್ವಾಲಾಮುಖಿಗೆ ಹಾರಿ ಪ್ರಾಣ ಬಿಡುತ್ತಾಳೆ. ಇದು ಬರಿಯ ಕಲ್ಪನೆಯಲ್ಲ. 1910ರಲ್ಲಿ ಫುಕುರಾಯ್ ಎಂಬ ಪ್ರಾಧ್ಯಾಪಕರು ಮಿಫುನೆ ಚಿಜುಕೊ ಎಂಬ ತರುಣಿಯ ದಿವ್ಯದೃಷ್ಟಿಯನ್ನು ವಿದ್ವಾಂಸರ ಮುಂದೆ ಪರೀಕ್ಷೆಗೆ ಒಡ್ಡಿದರು, ಸಂಶಯ ಮತ್ತು ಟೀಕೆಗಳ ನಡುವೆ ಆಕೆ ಮರುವರ್ಷ ವಿಷ ಕುಡಿದು ತೀರಿಕೊಂಡಳು. ಹೀಗಾಗಿ ಪತ್ರಕರ್ತೆ ರೇಕೊ ಬಾವಿಗಿಳಿದು, ಟೇಪಿನ ಶಾಪಕ್ಕೆ ಮೂಲವಾದ ಸಡಾಕೊಳ, ಅಂದರೆ ಶಿಜುಕೊಳ ಮಗಳ, ಅಸ್ಥಿಯನ್ನು ಎದೆಗೊತ್ತಿಕೊಳ್ಳುವಾಗ, ತನ್ನ ವೃತ್ತಿಯವರೇ ಮಾಡಿದ ತಪ್ಪಿಗೆ ಆಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿರುವಂತೆ ನನಗೆ ಕಾಣುತ್ತದೆ.

ಅಮೆರಿಕದ ಚಿತ್ರದಲ್ಲಿಯೂ ರೇಚಲ್ ಪತ್ರಕರ್ತೆಯೇ, ಆದರೆ ಆಕೆಯ ವೃತ್ತಿಗೂ ಅಲ್ಲಿ ಟೇಪಿನ ಶಾಪಕ್ಕೆ ಮೂಲವಾದ ಹುಡುಗಿಯ ಸಾವಿಗೂ ಸಂಬಂಧವಿಲ್ಲ. ಕುದುರೆ ಸಾಕುವ ಕುಟುಂಬವೊಂದರಲ್ಲಿ ಸಾಕುತಾಯಿಯೇ ಮಗುವನ್ನು ಬಾವಿಗೆ ತಳ್ಳುತ್ತಾಳೆ. ಸಮಾಜದ ಪಾಪ ಒಂದು ಮನೆಯ ದುರಂತವಾಗಿ ಕುಗ್ಗುತ್ತದೆ. ಇಷ್ಟಾದರೂ ಹಡಗಿನ ದೃಶ್ಯವನ್ನು ಹೊಗಳದೆ ಮುಂದೆ ಹೋಗಲಾರೆ. ರೇಚಲ್ ಹತ್ತಿರ ಬಂದೊಡನೆ ಕೆರಳಿದ ಕುದುರೆಯೊಂದು ತನ್ನನ್ನು ಸಾಗಿಸುತ್ತಿದ್ದ ಗಾಡಿಯಿಂದ ಬಿಡಿಸಿಕೊಂಡು ಡೆಕ್ಕಿನ ತುಂಬ ಓಡಿ ಕಡಲಿಗೆ ಹಾರುತ್ತದೆ, ಹಡಗು ಸಾಗಿದ ಜಾಡಿನಲ್ಲಿ ನೀರು ಕೆಂಪಾಗುತ್ತದೆ. ಮೂಲದಲ್ಲಿಲ್ಲದ ಈ ದೃಶ್ಯದಲ್ಲಿಯೇ ವರ್ಬಿನ್ಸ್ಕಿಯವರ ಸ್ವಂತಿಕೆ ಎದ್ದು ಕಾಣುತ್ತದೆ.

ನಿಜವಾದ ವ್ಯತ್ಯಾಸವಿರುವುದು ಕೊನೆಯಲ್ಲಿ. ಎರಡರಲ್ಲೂ ಪತ್ರಕರ್ತೆಯ ಮಗನೂ ಆ ಟೇಪ್ ನೋಡಿಬಿಟ್ಟಿರುತ್ತಾನೆ; ಅದರ ಪ್ರತಿ ಮಾಡಿ ಬೇರೊಬ್ಬರಿಗೆ ತೋರಿಸಿದರೆ ಮಾತ್ರ ಅವನು ಉಳಿಯುತ್ತಾನೆ. ರೇಕೊ ಕಾರಿನಿಂದಲೇ ತನ್ನ ತಂದೆಗೆ ಫೋನು ಮಾಡಿ, ನಿಮ್ಮಿಂದ ಒಂದು ಉಪಕಾರವಾಗಬೇಕು ಎನ್ನುತ್ತಾಳೆ. ಮೊಮ್ಮಗನಿಗಾಗಿ ಅಜ್ಜ ಇಲ್ಲವೆನ್ನಲಾರ ಎಂಬುದು ಆಕೆಗೆ ಗೊತ್ತು, ಹಾಗೆ ಗೊತ್ತಿರುವುದೇ ಅಲ್ಲಿನ ಘೋರ. ಅಮೆರಿಕದ ಚಿತ್ರದಲ್ಲಿ, ಇದನ್ನು ನೋಡುವವರ ಗತಿಯೇನು ಎಂದು ಮಗ ಕೇಳುತ್ತಾನೆ, ತಾಯಿ ಉತ್ತರಿಸುವುದಿಲ್ಲ. ಅಪಾಯ ಯಾರೋ ಅಪರಿಚಿತರ ಪಾಲಿಗೆ ಹೋಗುವುದರಿಂದ ನಮ್ಮ ಎದೆಯ ಭಾರವೂ ಇಳಿದುಬಿಡುತ್ತದೆ.

ಎರಡನ್ನೂ ನೋಡುವ ಮನಸ್ಸಿದ್ದವರು ದಯವಿಟ್ಟು ಜಪಾನಿ ಚಿತ್ರವನ್ನೇ ಮೊದಲು ನೋಡಿ. ಅಮೆರಿಕದ ಚಿತ್ರ ಟೇಪಿನ ಒಂದೊಂದು ಚಿತ್ರಕ್ಕೂ ಕಾರಣ ಕೊಡುತ್ತಾ ಹೋಗುತ್ತದೆ. ಆ ಉತ್ತರಗಳನ್ನು ತಲೆಯಲ್ಲಿಟ್ಟುಕೊಂಡು ಕುಳಿತರೆ ನಕಾಟ ಅವರ ಮೌನ ನಿಮಗೆ ಕೇಳಿಸುವುದಿಲ್ಲ.