ತಟ್ಟೆ ತೊಳೆಯುವ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಠಾಣೆ ಕಡೆಯಿಂದ ಲೋಕಲ್‌ನಲ್ಲಿ ಮಾಟುಂಗಕ್ಕೆ ಬರುವವರು ದಿನಾ ವಿಕ್ರೋಲಿ ದಾಟುತ್ತೀರಿ. ಗೋದ್ರೇಜ್ ಅಂದರೆ ನಮಗೆ ಕಪಾಟು, ಬೀಗ. ಅದೇ ಗೋದ್ರೇಜ್‌ನ ವಿಕ್ರೋಲಿ ಕಾರ್ಖಾನೆಯಲ್ಲಿ ಇಸ್ರೋದ ರಾಕೆಟ್ ಎಂಜಿನ್ ವಿಕಾಸ್ ಕೂಡ ತಯಾರಾಗುತ್ತದೆ. ಚಂದ್ರಯಾನ-3 ಹೊತ್ತ ರಾಕೆಟ್ಟಿನ ನಡುಭಾಗದಲ್ಲಿ ಇಂಥವು ಎರಡಿದ್ದವು. ಉರಿಯುವುದು ಮೂರು ನಿಮಿಷ ಚಿಲ್ಲರೆ. ಆಮೇಲೆ ಸಮುದ್ರದ ಪಾಲು.

ಇದನ್ನು ಮಾಟುಂಗದಲ್ಲಿ ಹೋಟೆಲು ನಡೆಸುವ ನಮ್ಮ ಭಾವನಿಗೆ ಹೇಳಿದೆ. ಅವರು ಅದಮಾರಿನವರು. ಆರ್ಯಭಟ ಉಪಗ್ರಹ ಕಟ್ಟಿಸಿದ ಯು. ಆರ್. ರಾವ್ ಹುಟ್ಟಿದ ಊರು. ಹಾಗಾಗಿ ಆಕಾಶದ ವಿಷಯದಲ್ಲಿ ತನಗೂ ಹಕ್ಕಿದೆ ಅನ್ನುತ್ತಾರೆ.

"ಬಾಳೆಎಲೆ ಊಟ ಅಲ್ವಾ ಇದು? ಉಂಡು ಬಿಸಾಡೋದು" ಎಂದರು.

ಹೌದು. ಅದನ್ನು ತೊಳೆದು ಮತ್ತೆ ಬಳಸುವ ಸ್ಟೀಲ್ ತಟ್ಟೆ ಮಾಡಿದ್ದು ಅಮೆರಿಕದ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್. 2015ರ ಡಿಸೆಂಬರಿನಲ್ಲಿ ಅದರ ಫಾಲ್ಕನ್ 9 ರಾಕೆಟ್ಟಿನ ಕೆಳಹಂತ, ಅಂದರೆ ಮೊದಲು ಉರಿಯುವ ಭಾಗ, ಹಿಂದಿರುಗಿ ನೆಟ್ಟಗೆ ನಿಂತಿತು. 2017ರಲ್ಲಿ ಹೀಗೆ ಮರಳಿದ ಹಂತವೊಂದು ಮತ್ತೆ ಹಾರಿತು. ಈಗ ಕೆಲವು ಇಪ್ಪತ್ತಕ್ಕೂ ಹೆಚ್ಚು ಸಲ ಹಾರಿವೆ. ಮೇಲಿನ ಹಂತ ಮಾತ್ರ ಇನ್ನೂ ಬಾಳೆಎಲೆಯೇ. ಸುದ್ದಿಯಲ್ಲಿ ಇರುವವರು ಮಸ್ಕ್. ಆದರೆ ಗಲ್ಲಾ ನೋಡಿಕೊಂಡು ಗಿರಾಕಿ ಹಿಡಿದು ತಂದವರು ಕಂಪನಿಯ ಅಧಿಕಾರಿ ಗ್ವಿನ್ ಶಾಟ್‌ವೆಲ್. ನನ್ನ ಲೆಕ್ಕದಲ್ಲಿ ಅವರ ಪಾಲು ಕಮ್ಮಿಯದಲ್ಲ.

ಭಾವ ಕೇಳಿದರು, "ತೊಳೆಯೋ ಕೂಲಿ?"

ಸರಿಯಾದ ಪ್ರಶ್ನೆ. ಅಮೆರಿಕದ ಸ್ಪೇಸ್ ಶಟಲ್ ಸೋತದ್ದು ಅಲ್ಲೇ. ಅದೂ ಮತ್ತೆ ಮತ್ತೆ ಹಾರುತ್ತಿತ್ತು. ಆದರೆ ಪ್ರತಿ ಸಲವೂ ಬಿಸಿ ತಡೆಯುವ ಹೆಂಚುಗಳನ್ನು ಒಂದೊಂದಾಗಿ ನೋಡಬೇಕು, ಎಂಜಿನ್ ಬಿಚ್ಚಬೇಕು. ತಿಂಗಳುಗಟ್ಟಲೆ ಕೆಲಸ. ಮೂವತ್ತು ವರ್ಷದಲ್ಲಿ 135 ಹಾರಾಟ, ಅಷ್ಟೇ. ಫಾಲ್ಕನ್‌ಗೂ ಖರ್ಚಿದೆ. ವಾಪಸ್ ಇಳಿಯಲು ಒಂದಿಷ್ಟು ಇಂಧನ ಉಳಿಸಬೇಕು, ಅಷ್ಟು ಹೊರೆ ಕಮ್ಮಿ ಹೊರಬೇಕು.

ನಮ್ಮಲ್ಲಿ ಎರಡೂ ದಾರಿ ನೋಡುತ್ತಿದ್ದಾರೆ. ಚಳ್ಳಕೆರೆ ಹತ್ತಿರ ಇಸ್ರೋ ತನ್ನ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಅದು ತಾನೇ ದಾರಿ ಹಿಡಿದು ರನ್‌ವೇಗೆ ಇಳಿಯಿತು. 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ. ಇದು ತಟ್ಟೆಯ ದಾರಿ. ಚೆನ್ನೈನ ಅಗ್ನಿಕುಲ್ ಎಂಬ ಖಾಸಗಿ ರಾಕೆಟ್ ಕಂಪನಿಯದು ಬೇರೆ. ಅವರು ಎಂಜಿನ್ನನ್ನು ಜೋಡಿಸುವುದೇ ಇಲ್ಲ, 3ಡಿ ಪ್ರಿಂಟರಿನಲ್ಲಿ ಒಂದೇ ತುಂಡಾಗಿ ಅಚ್ಚು ಹಾಕುತ್ತಾರೆ. 2024ರ ಮೇ ತಿಂಗಳಲ್ಲಿ ಅಂಥದ್ದೊಂದು ಶ್ರೀಹರಿಕೋಟಾದಿಂದ ಹಾರಿತು. ಎಲೆಯನ್ನೇ ಅಗ್ಗ ಮಾಡುವ ಉಪಾಯ ಅನ್ನಿ.

"ಊಟ ಎಷ್ಟು ಹೋಗ್ತದೆ?" ಭಾವನ ಕೊನೆಯ ಪ್ರಶ್ನೆ.

2024ರಲ್ಲಿ ಫಾಲ್ಕನ್ 130ಕ್ಕೂ ಹೆಚ್ಚು ಸಲ ಹಾರಿದೆ ಎಂದೆ. ಅರ್ಧಕ್ಕಿಂತ ಜಾಸ್ತಿ ಸ್ವಂತ ಮನೆಯವರದೇ ಊಟ, ಸ್ಪೇಸ್‌ಎಕ್ಸ್‌ನದೇ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳು. ಇಸ್ರೋ ಅದೇ ವರ್ಷ ಕಕ್ಷೆಗೆ ಹಾರಿಸಿದ್ದು ಐದು.

ಭಾವ ನಕ್ಕರು. "ಐದು ಊಟಕ್ಕೆ ತಟ್ಟೆ ತೊಳೆಯೋಕೆ ಆಳು ಇಡ್ತಾರಾ ಮಾರಾಯ? ಮೊದಲು ಪಂಕ್ತಿ ತುಂಬ್ಲಿ."